ದೀಡ ಎಕರೆ ಅಂದ್ರೆ ಎಷ್ಟು?

ಮಕ್ಕಳೇ, ಆಳಂದದ ಕಡೆ ಹೊಲವಿರುವ ಮನೆಯಲ್ಲಿ ಪಹಣಿ ತೆಗೆದು ನೋಡಿ. ಒಂದು ತೊಗರಿ ಹೊಲದ ವಿಸ್ತೀರ್ಣ 1.20 ಎಂದಿದೆ ಅನ್ನಿ. ಅಪ್ಪನನ್ನು ಕೇಳಿದರೆ ‘ದೀಡ ಎಕರೆ’ ಅನ್ನುತ್ತಾರೆ. 1.20 ಅಂದರೆ ಒಂದು ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, 20 ಗುಂಟೆಗೆ ಅರ್ಧ ಎಕರೆ; ಹಾಗಾಗಿ ದೀಡ, ಅಂದರೆ ಒಂದೂವರೆ. ಅವರಿಗೆ ಇದು ಬಾಯಿಪಾಠ. ಕಂಪ್ಯೂಟರಿಗೆ ಯಾರೂ ಹೇಳಿಕೊಡದಿದ್ದರೆ ಅದು 1.20 ಅನ್ನು ಒಂದೂಕಾಲಿಗಿಂತ ಕಡಿಮೆ ಎಂದೇ ಓದುತ್ತದೆ. 12 ಗುಂಟೆ ಹೊಲ ಲೆಕ್ಕದಿಂದ ಹೋಯಿತು!

ಅದಕ್ಕೇ ಭಿನ್ನರಾಶಿಗೆಂದು ಪ್ರೋಗ್ರಾಂನಲ್ಲಿ ಬೇರೆಯೇ ಒಂದು ಅಚ್ಚು ಮಾಡುತ್ತಾರೆ. ಅದರ ಹೆಸರು ‘ಕ್ಲಾಸ್’. ಒಳಗೆ ಎರಡೇ ಸಂಖ್ಯೆ: ಮೇಲೆ ಅಂಶ, ಕೆಳಗೆ ಛೇದ. ಕೂಡುವ, ಗುಣಿಸುವ ರೀತಿಯನ್ನೂ ಅಲ್ಲೇ ಬರೆದಿಡುತ್ತಾರೆ. ಬರೆದದ್ದು ಸರಿಯೇ ಎಂದು ನೋಡಲು, ಉತ್ತರ ಮೊದಲೇ ಗೊತ್ತಿರುವ ಪುಟ್ಟ ಲೆಕ್ಕಗಳನ್ನು ಅದಕ್ಕೆ ಕೊಡುತ್ತಾರೆ. ಇದೇ ಯೂನಿಟ್ ಟೆಸ್ಟ್. ಪ್ರೋಗ್ರಾಂನಲ್ಲಿ ಒಂದಕ್ಷರ ಬದಲಾದರೂ ಎಲ್ಲ ಲೆಕ್ಕ ಮತ್ತೆ ಕೇಳಬೇಕು.

1/2 + 1/3 ಎಷ್ಟು? ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದರೆ 2/5 ಬರುತ್ತದೆ. ಅರ್ಧ ರೊಟ್ಟಿಯ ಜೊತೆ ಇನ್ನೊಂದು ತುಂಡು ಇಟ್ಟ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದುಂಟೇ? ಸರಿಯುತ್ತರ 5/6. ಅಫಜಲಪುರದ ಸಂತೆಯಲ್ಲಿ ಪಾವ ಕಿಲೋದ ಎರಡು ಪೊಟ್ಟಣ ಬೆಲ್ಲವೂ ಅರ್ಧ ಕಿಲೋದ ಒಂದು ಪೊಟ್ಟಣವೂ ತಕ್ಕಡಿಯಲ್ಲಿ ಸಮ. ಹಾಗೆಯೇ 2/4, 1/2 ಎರಡೂ ಒಂದೇ ಎಂದು ಕ್ಲಾಸಿಗೆ ತಿಳಿದಿರಬೇಕು.

ಇಂಥ ಲೆಕ್ಕಗಳ ಗಣಿಯೊಂದು ನಮ್ಮ ನಾಡಿನಲ್ಲೇ ಇದೆ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ನಿಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಛೇದಗಳನ್ನು ಸಮ ಮಾಡಲು ಇಂದು ನೀವು ಕಲಿಯುವ ಲ.ಸಾ.ಅ. ಮಹಾವೀರಾಚಾರ್ಯನ ಗ್ರಂಥದಲ್ಲಿ ‘ನಿರುದ್ಧ’. ಅಂಶ 1 ಆಗಿರುವ ಭಿನ್ನರಾಶಿಗಳನ್ನು ಕೂಡಿ ಸರಿಯಾಗಿ 1 ಬರಿಸುವ ಸೂತ್ರವನ್ನೂ ಕೊಟ್ಟಿದ್ದಾನೆ. ಅದರಂತೆ 1/2 + 1/3 + 1/9 + 1/18. ಛೇದವನ್ನೆಲ್ಲ 18 ಮಾಡಿ: 9, 6, 2, 1. ಕೂಡಿದರೆ 18ಕ್ಕೆ 18! ಎಂಥ ಚೆಂದದ ಟೆಸ್ಟ್ ಇದು. ಕೂಡುವಾಗ ಎಲ್ಲೇ ಎಡವಿದರೂ 1 ಬರುವುದು ಕಷ್ಟ.

ಟೆಸ್ಟಿಗೆ ಸಂಖ್ಯೆ ಆರಿಸುವಾಗಲೂ ಎಚ್ಚರ ಬೇಕು. ಗುಣಿಸುವ ಕಡೆ ಯಾರೋ ಮರೆತು ಕೂಡುವ ಚಿಹ್ನೆ ಹಾಕಿದರು ಅನ್ನಿ. ನೀವು ಮೂರನ್ನೂ ದೀಡನ್ನೂ ಕೊಟ್ಟಿರಿ. ಗುಣಿಸಿದರೆ ನಾಲ್ಕೂವರೆ, ಕೂಡಿದರೂ ನಾಲ್ಕೂವರೆ! ತಪ್ಪು ಒಳಗೇ ಅಡಗಿ ಕೂತಿತು. 1/2, 1/3 ಕೊಟ್ಟು ನೋಡಿ: ಗುಣಿಸಿದರೆ 1/6, ಕೂಡಿದರೆ 5/6. ಈಗ ಸಿಕ್ಕಿಬಿತ್ತು.

ಇನ್ನು ಸೊನ್ನೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದು ಮಹಾವೀರ ಬರೆದಿದ್ದ. ಅಷ್ಟು ದೊಡ್ಡ ಗಣಿತಜ್ಞನಿಗೂ ಇಲ್ಲಿ ತಪ್ಪಿತು. ಯಾಕೆಂದು ನೋಡಿ: 6ನ್ನು 2ರಿಂದ ಭಾಗಿಸಿದರೆ 3, ತಿರುಗಿ 3ನ್ನು 2ರಿಂದ ಗುಣಿಸಿದರೆ 6 ಸಿಗುತ್ತದೆ. ಆದರೆ 6ನ್ನು ಸೊನ್ನೆಯಿಂದ ಭಾಗಿಸಿ 6 ಬಂತೆಂದರೆ, ತಿರುಗಿ ಗುಣಿಸಿದಾಗ ಸೊನ್ನೆಯೇ ಸಿಗುತ್ತದೆ, 6 ಸಿಗುವುದಿಲ್ಲ. ಹಾಗಾಗಿ ಛೇದಕ್ಕೆ ಸೊನ್ನೆ ಕೊಟ್ಟಾಗ ಕ್ಲಾಸ್ ‘ಇದು ಆಗದು’ ಎಂದು ನಿಂತುಬಿಡಬೇಕು. ನಿಂತರೆ ಟೆಸ್ಟ್ ಪಾಸು, ಏನಾದರೂ ಉತ್ತರ ಕೊಟ್ಟರೆ ಫೇಲು.

ಜೇವರ್ಗಿಯ ಶಾಲೆಯಲ್ಲಿ ಕೂತು ಓದುತ್ತಿದ್ದರೆ ಒಂದು ಹಾಳೆ ತೆಗೆಯಿರಿ. 1/2 + 1/3 + 1/9 + 1/27, ಇದಕ್ಕೆ ಇನ್ನೊಂದು ತುಂಡು ಸೇರಿದರೆ ಪೂರ್ತಿ 1 ಆಗುತ್ತದೆ. ಆ ತುಂಡಿನ ಛೇದ ಎಷ್ಟು?