ದೊರೆತ ರಕ್ಷಣೆ ಕಳೆದುಹೋದೀತೆ?

ಕ್ರಿಸ್ತನನ್ನು ನಂಬಿ ರಕ್ಷಣೆ ಪಡೆದವನು ಮುಂದೆ ಜಾರಿಬಿದ್ದರೆ ಆ ರಕ್ಷಣೆ ಉಳಿಯುವುದೇ? ಹಾಲೆಂಡಿನಲ್ಲಿ ಈ ಪ್ರಶ್ನೆ ಕೆಲವರನ್ನು ಸೆರೆಮನೆಗೂ ಕಳುಹಿಸಿತು. ಲೈಡನ್ನಿನ ಪ್ರಾಧ್ಯಾಪಕ ಆರ್ಮಿನಿಯಸನು 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಅನುಯಾಯಿಗಳು ಐದು ಅಂಶಗಳ ಮನವಿಯೊಂದನ್ನು ಬರೆದರು. ಐದನೆಯದರಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸದೆ, ಶಾಸ್ತ್ರವನ್ನು ಇನ್ನೂ ಶೋಧಿಸಬೇಕೆಂದಷ್ಟೇ ಹೇಳಿದರು. ಆ ಸಂಕೋಚ ನನಗೇನೋ ಹಿಡಿಸುತ್ತದೆ. 1618-19ರಲ್ಲಿ ಡೋರ್ಟ್ ಪಟ್ಟಣದಲ್ಲಿ ಕೂಡಿದ ಸಭೆಗೆ ಹಿಡಿಸಲಿಲ್ಲ. ದಾವೀದನೂ ಪೇತ್ರನೂ ಘೋರವಾಗಿ ತಪ್ಪಿದವರೇ. ಆದರೂ ದೇವರು ತಾನು ಆರಿಸಿಕೊಂಡವರನ್ನು ಪೂರ್ತಿಯಾಗಿ ಬೀಳಗೊಡನೆಂದು ಅದು ನಿರ್ಣಯಿಸಿತು. ಒಪ್ಪದ ಸುಮಾರು 200 ಬೋಧಕರು ಕೆಲಸ ಕಳೆದುಕೊಂಡರು. ರಾಜಕಾರಣವೂ ಬೆರೆತಿತ್ತೆನ್ನಿ: ಅವರ ಪರ ನಿಂತ ಗ್ರೋಷಿಯಸ್ ಪಂಡಿತನಿಗೆ ಆಜೀವ ಸೆರೆಯಾಯಿತು. 1621ರಲ್ಲಿ ಅವನು ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿ ಪಾರಾದ!

ನಮ್ಮ ಶ್ರೀವೈಷ್ಣವರಲ್ಲಿ ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂಬ ಮಾತುಂಟಷ್ಟೆ. ಕೋತಿಮರಿ ತಾನೇ ತಾಯಿಯನ್ನು ಅವಚಿಕೊಂಡಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಡೋರ್ಟಿನವರದು ಬೆಕ್ಕಿನ ಪಕ್ಷ. ಬೈಬಲ್ಲಿನಲ್ಲಿ ಎರಡಕ್ಕೂ ಆಧಾರವಿದೆ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ತನ್ನ ಕುರಿಗಳನ್ನು ಯಾರೂ ಕಸಿಯಲಾರರೆಂದು ಯೇಸುವಿನ ಅಭಯ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯದರಲ್ಲಿ ಬಿದ್ದುಹೋದವರ ವಿಷಯವಾಗಿ ಕಠೋರವಾದ ಎಚ್ಚರಿಕೆ. ಸಾಯುವವನ ಹಾಸಿಗೆಯ ಬಳಿ ಮೊದಲನೆಯದನ್ನೇ ಓದಬೇಕಾದೀತು. 18ನೆಯ ಶತಮಾನದ ಜಾನ್ ವೆಸ್ಲಿಯು ಎಚ್ಚರಿಕೆಯ ಪಕ್ಷ ಹಿಡಿದ. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನವರು ಆ ಪರಂಪರೆಯವರೇ.