ಹತ್ತಿ ಸಲುವಾಗಿ ಹಚ್ಚಿದ ದೀಪ

ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಸಮುದ್ರದ ದೀಪಸ್ತಂಭದ ಮಾತು ಯಾಕ ಬೇಕು ಅಂತ ಅನ್ನಿಸಬಹುದು. ಬೇಕು ಅಂತೀನಿ ನಾನು. ಕಾರವಾರದ ಎದುರಿಗೆ ದೇವಗಡ ಅಂತ ಸಣ್ಣ ದ್ವೀಪ ಅದ. ಅಲ್ಲಿ 1864ರಾಗ ದೀಪ ಹಚ್ಚಿದ್ರು. ಅದರ ಹಿಂದಿನ ಆಸೆ ಎಲ್ಲಾ ನಮ್ಮ ಎರಿ ಹೊಲದ ಬೆಳಿ ಮ್ಯಾಲ: ಹತ್ತಿ.

1861ರಾಗ ಅಮೆರಿಕದಾಗ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ಹತ್ತಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ಹಡಗು ಅಡ್ಡ ನಿಲ್ಲಿಸಿದ್ರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಿಗೆ ಅರಳಿ ಬರೋದು ಕಡಿಮಿ ಆಗಿ, ಅಲ್ಲಿಯ ಕೂಲಿಕಾರರು ಉಪವಾಸ ಬಿದ್ರು. ಆ ಗಿರಣಿಗಳ ಹತ್ತಿ ಇಳೀತಿದ್ದದ್ದು ಲಿವರ್‌ಪೂಲ್ ಬಂದರಿನಾಗ. ಆಗ ಅವರ ಕಣ್ಣು ನಮ್ಮ ಕಡೆ ಹತ್ತಿ ಮ್ಯಾಲ ಬಿತ್ತು.

ಧಾರವಾಡ, ಗದಗ ಸೀಮಿಯ ಹತ್ತಿ ಅಷ್ಟೊತ್ತಿಗಾಗಲೇ ಎತ್ತಿನ ಹೇರಿನ ಮ್ಯಾಲ ಘಟ್ಟ ಇಳಿದು ಕುಮಟಾಕ್ಕ ಹೋಗ್ತಿತ್ತು. ಮುಂಬೈ ಪ್ಯಾಟ್ಯಾಗ ಆ ಹತ್ತಿಗೆ ‘ಕುಮಟಾ’ ಅಂತಲೇ ಹೆಸರು. ಆದ್ರ ಕುಮಟಾದ ದಂಡಿಗೆ ಬಿರುಗಾಳಿ ತಡೆಯೋ ಮರಿ ಇಲ್ಲ. ಕಾರವಾರಕ್ಕ ಗುಡ್ಡ ಅವ, ದ್ವೀಪ ಅವ. 1862ರಾಗ ಉತ್ತರ ಕನ್ನಡವನ್ನ ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕ ಸೇರಿಸಿದ್ರು, ಬಂದರಿನ ಕೆಲಸ ಜೋರಾಯ್ತು. ಹಗಲಿಗೆ ಆಸರಿ ಕೊಡೋ ಅದೇ ದ್ವೀಪ, ಅದೇ ಬಂಡಿ, ಕತ್ತಲಾದ್ರ ಹಡಗಿಗೆ ಗಂಡಾಂತರ. ಅದಕ್ಕೇ ದೀಪ.

ಇಲ್ಲೊಂದು ಲೆಕ್ಕ ಕೇಳ್ರಿ, ನನಗ ಭಾಳ ಇಷ್ಟದ್ದು. ಕಟ್ಟಡ ಸುಮಾರು 20 ಮೀಟರ್ ಅಷ್ಟೇ. ಆದ್ರ ಗುಡ್ಡದ ನೆತ್ತಿ ಮ್ಯಾಲ ಇರೋದ್ರಿಂದ ದೀಪ ಸಮುದ್ರದ ನೀರಿಗಿಂತ 60 ಮೀಟರಿಗೂ ಎತ್ತರದಾಗ ಅದ. ಭೂಮಿ ದುಂಡಗ ಇರೋದ್ರಿಂದ ಎಷ್ಟೇ ಪ್ರಖರ ದೀಪ ಆದ್ರೂ ಒಂದು ದೂರ ದಾಟಿದ ಮ್ಯಾಲ ನೀರಿನ ಉಬ್ಬಿನ ಹಿಂದ ಮರಿ ಆಗ್ತದ. 60 ಮೀಟರ್ ಎತ್ತರಕ್ಕ ಆ ದೂರ ಹತ್ತಿರ ಹತ್ತಿರ 28 ಕಿಲೋಮೀಟರ್. ಹಡಗಿನ ಅಟ್ಟದ ಮ್ಯಾಲ ನಿಂತವನಿಗೆ ಇನ್ನೂ ಒಂದಿಷ್ಟು ದೂರದಿಂದ ಕಾಣ್ತದ. ಯಾದಗಿರಿ ಕೋಟಿ ಕಟ್ಟಿದವರು ಬುರುಜನ್ನ ಗುಡ್ಡದ ತುದಿಗೆ ಒಯ್ದದ್ದೂ ದೂರ ನೋಡಲಿಕ್ಕೇ. ಹತ್ತೊಂಬತ್ತನೇ ಶತಮಾನದಾಗ ದೀಪಸ್ತಂಭಗಳಾಗ ಉರೀತಿದ್ದದ್ದು ಎಣ್ಣಿ ದೀಪ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಾಗ ರೂಪಿಸಿದ ಮಸೂರ, ನಾಕೂ ಕಡೆ ಚೆಲ್ಲಿ ಹೋಗೋ ಆ ಬೆಳಕನ್ನ ಗಾಜಿನ ಪಟ್ಟಿಗಳಿಂದ ಬಾಗಿಸಿ ಸಮುದ್ರದ ಕಡೆ ನೆಟ್ಟಗ ಕಳಿಸ್ತದ.

1865ಕ್ಕ ಅಮೆರಿಕದ ಯುದ್ಧ ಮುಗೀತು, ಹತ್ತಿ ದರ ಕುಸೀತು. 1871ರಾಗ ಮುಂಬೈ-ಮದ್ರಾಸ್ ರೈಲು ರಾಯಚೂರಿನಾಗ ಕೂಡಿತು; ನಮ್ಮ ಯಾದಗಿರಿ ಸ್ಟೇಷನ್ ಅದೇ ದಾರಿಯಾಗ ಅದ. 1888ರಾಗ ಗೋವಾದ ಮುರ್ಮುಗಾವ್ ಬಂದರಿಗೂ ರೈಲು ಬಂತು, ಬಯಲುಸೀಮಿಯ ಮಾಲು ಆ ಕಡೆ ತಿರುಗಿತು. ಕಾರವಾರ ರೈಲು ಕಂಡದ್ದು 1990ರ ದಶಕದಾಗ, ಕೊಂಕಣ ರೈಲು ಬಂದ ಮ್ಯಾಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ. ಇಷ್ಟು ಒಳ್ಳೇ ಬಂದರನ್ನ ಹಿಂಗ ಕಾಯಿಸಿದ್ದು ನನ್ನ ಮನಸ್ಸಿಗೆ ನೋವು ಕೊಡ್ತದ.

ಹೋಗೋರು ಹುಬ್ಬಳ್ಳಿ, ಯಲ್ಲಾಪುರದ ಮ್ಯಾಲಿಂದ ಘಟ್ಟ ಇಳೀರಿ. ಮಳಿಗಾಲ ಬ್ಯಾಡ, ದೋಣಿ ಹೊರಡೋದಿಲ್ಲ. ಹತ್ತಿರದಾಗೇ ನೌಕಾಪಡೆಯ ಕದಂಬ ನೆಲೆ ಅದ. ದ್ವೀಪದ ಮ್ಯಾಲ ಇಳೀಲಿಕ್ಕೆ ಅವಕಾಶ ಅದನೋ ಇಲ್ಲೋ ಅಂತ ಮೊದಲು ಕಾರವಾರದಾಗ ವಿಚಾರಿಸ್ರಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬ್ಯಾಡ್ರಿ.