ವೈಟ್‌ಫೀಲ್ಡಿನ ಜನವೂ ನುಡಿಯೂ

ರುಮೇನಿಯದಲ್ಲಿ ಸೆಕೆಯ್ ನಾಡೆಂಬ ಬೆಟ್ಟದ ಸೀಮೆಯೊಂದುಂಟು. 1920ರ ಟ್ರಿಯಾನನ್ ಒಡಂಬಡಿಕೆಯಿಂದ ಅದು ಹಂಗೆರಿಯ ಕೈತಪ್ಪಿತು. ಅಲ್ಲಿಯ ಹರ್ಗಿತಾ ಜಿಲ್ಲೆಯಲ್ಲಿ, 2011ರ ಗಣತಿಯಂತೆ, ನೂರಕ್ಕೆ ಸುಮಾರು 85 ಮಂದಿ ಹಂಗೆರಿಯನರು. ದೇಶದಲ್ಲಿ ಅಲ್ಪಸಂಖ್ಯಾತರು, ಸೀಮೆಯಲ್ಲಿ ಬಹುಸಂಖ್ಯಾತರು.

ನಮ್ಮ ಬೆಂಗಳೂರಿನಲ್ಲಿ ಇದು ತಿರುಗುಮುರುಗಾಗಿದೆ. ರಾಜ್ಯದಲ್ಲಿ ಬಹುಸಂಖ್ಯಾತರ ನುಡಿಯಾದ ಕನ್ನಡವು, ಅದೇ 2011ರ ಗಣತಿಯಲ್ಲಿ, ಬೆಂಗಳೂರು ನಗರ ಜಿಲ್ಲೆಯ ಅರ್ಧಕ್ಕಿಂತ ಕಡಮೆ ಜನರ ಮಾತೃಭಾಷೆ. ಆದರೂ ತಮಿಳು, ತೆಲುಗು, ಉರ್ದುಗಳಲ್ಲಿ ಯಾವುದೊಂದೂ ಅದನ್ನು ಸಮೀಪಿಸದು.

ಈ ಬೆರಕೆ ಹೊಸತೆಂದು ಭಾವಿಸುವುದು ಸರಿಯಲ್ಲ. ಇಲೆಕ್ಟ್ರಾನಿಕ್ ಸಿಟಿಗೆ ಅನತಿದೂರದ ಬೇಗೂರಿನಲ್ಲಿ ಬೆಂಗಳೂರಿನ ಹೆಸರುಳ್ಳ, ಸುಮಾರು 890ರ ಕನ್ನಡ ವೀರಗಲ್ಲಿದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ತಮಿಳು ಶಾಸನಗಳಿವೆ. 1882ರಲ್ಲಿ ಚಾಮರಾಜೇಂದ್ರ ಒಡೆಯರವರು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಲಾಗಿ, ಅದರ ಮುಖಂಡನಾದ ವೈಟ್ ಎಂಬಾತನ ಹೆಸರಿನಿಂದ ವೈಟ್‌ಫೀಲ್ಡ್ ನೆಲೆಗೊಂಡಿತು. ಮುಂದೆ ಪೀಣ್ಯದ ಕಾರ್ಖಾನೆಗಳು ಉತ್ತರ ಕರ್ನಾಟಕದವರನ್ನೂ ಬಿಹಾರ, ಒಡಿಶಾಗಳವರನ್ನೂ ಬರಮಾಡಿಕೊಂಡುವು.

ಹಾಗಾದರೆ ಬದಲಾದುದೇನು? ಎಣಿಕೆಯಲ್ಲ, ಬಳಕೆ. ಈ ಸೀಮೆಯ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗನ್ನೋ ತಮಿಳನ್ನೋ ಆಡುವವನು ಸಂತೆಯಲ್ಲಿ, ಕೆರೆಯ ಏರಿಯ ಮೇಲೆ, ಪಂಚಾಯಿತಿಯಲ್ಲಿ ಕನ್ನಡವಾಡುತ್ತಿದ್ದನು. ನೆರೆಯವನೊಡನೆ ಕೊಳುಕೊಡೆಯಿದ್ದುದರಿಂದ ನುಡಿ ತಾನಾಗಿ ಬಂದಿತು. ಇಂದು ಆವರಣದ ಗೋಡೆಯೊಳಗೆ ವಾಸಿಸುವ ಉದ್ಯೋಗಿಗೆ ಆಂಗ್ಲ ಸಾಕು. ಆತನ ಬಾಗಿಲು ಕಾಯುವವನಿಗೆ ಹಿಂದಿ ಸಾಕು. ಇಬ್ಬರಿಗೂ ಹಳ್ಳಿಯ ಮೂಲನಿವಾಸಿಯೊಡನೆ ಮಾತಿನ ಪ್ರಮೇಯವೇ ಒದಗದು. ಸೋಲುತ್ತಿರುವುದು ಕನ್ನಡದ ಸಂಖ್ಯೆಗಿಂತ ಮಿಗಿಲಾಗಿ ಕನ್ನಡದ ಅಗತ್ಯ.

ಗಣತಿಯವರು ಮಾತೃಭಾಷೆಯನ್ನಲ್ಲದೆ ತಿಳಿದ ಇನ್ನೆರಡು ಭಾಷೆಗಳನ್ನೂ ಕೇಳುವರು. ನಾವು ಚಿಂತಿಸಬೇಕಾದುದು ಈ ಎರಡನೆಯ ಅಂಕಣವನ್ನು. ಮೊದಲನೆಯದು ಹುಟ್ಟನ್ನು ಹೇಳುತ್ತದೆ. ಅದನ್ನು ಮಾರ್ಪಡಿಸಲು ಯಾರಿಂದಲೂ ಆಗದು, ಮಾರ್ಪಡಿಸಬೇಕೆಂಬುದು ನ್ಯಾಯವೂ ಅಲ್ಲ. ಎರಡನೆಯದು ಬಾಳುವೆಯನ್ನು ಹೇಳುತ್ತದೆ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದೆ. ಆದರೆ ಶಾಲೆಯಲ್ಲಿ ಕಲಿತ ನುಡಿಗೆ ಬೀದಿಯಲ್ಲಿ ಕೆಲಸವಿಲ್ಲದಿದ್ದರೆ ಅದು ಪರೀಕ್ಷೆಯೊಂದಿಗೆ ಮುಗಿಯುತ್ತದೆ.

ಆ ಕೆಲಸವನ್ನು ಒದಗಿಸಬೇಕಾದವರು ನಾವು. ತಡವರಿಸುತ್ತ ಕನ್ನಡವಾಡುವ ಹೊಸಬನಿಗೆ ನಾವೇ ಆಂಗ್ಲದಲ್ಲಿಯೋ ಹಿಂದಿಯಲ್ಲಿಯೋ ಉತ್ತರವಿತ್ತು ಉಪಕಾರಗೈದೆವೆಂದುಕೊಳ್ಳುವೆವು. ವಾಸ್ತವವಾಗಿ ಬಾಗಿಲನ್ನು ಮುಚ್ಚಿದವರಾಗುತ್ತೇವೆ. ಅವನ ತಪ್ಪನ್ನು ನಗದೆ, ನಿಧಾನವಾಗಿ, ಕನ್ನಡದಲ್ಲಿಯೇ ಮಾತು ಮುಂದುವರಿಸೋಣ. ನೆರೆಹೊರೆಯ ನುಡಿಯಾಗಿ ಉಳಿದರೆ ಮಾತ್ರ ಕನ್ನಡವು ಈ ಸೀಮೆಯಲ್ಲಿ ಎಲ್ಲರ ನುಡಿಯಾದೀತು.